ಪಂಪಿನ ಮೇಲೆ ಹೋಗಿ ಬಂದವರು: ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಸ್ಟೀರಾಯ್ಡಿನ ಚರಿತ್ರೆ, ಗೂಡಲೂರಿನ ಕಡೆಯಿಂದ

(ವೆಬಿನಾರಿನಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ.)

ನನ್ನ ದನಿ ಕೇಳಿಸ್ತಾ ಇದೆ ಅಂದುಕೊಳ್ತೇನೆ. ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಗೂಡಲೂರು ಅಂದ ಕೂಡಲೇ ಕರ್ನಾಟಕದವರಿಗೆ ಮೈಸೂರಿನಿಂದ ಊಟಿಗೆ ಹೋಗುವ ದಾರಿಯ ಗೂಡಲೂರು ನೆನಪಾಗುತ್ತೆ. ನಾನು ಆ ಊರಿನವನಲ್ಲ. ನಮ್ಮದು ತೇನಿ ಜಿಲ್ಲೆಯ ಗೂಡಲೂರು, ಕಂಬಂ ಕಣಿವೆಯ ತುದಿ. ನಮ್ಮ ಊರು ದಾಟಿ ಲೋಯರ್ ಕ್ಯಾಂಪ್ ಬಂದರೆ ಮುಲ್ಲಪೆರಿಯಾರಿನ ನೀರು ಬೆಟ್ಟದಿಂದ ಇಳಿದು ವಿದ್ಯುತ್ ಮಾಡುವ ಜಾಗ. ಅಲ್ಲಿಂದ ಘಾಟಿ ಹತ್ತಿದರೆ ಕುಮಿಳಿ, ಕೇರಳ. ದ್ರಾಕ್ಷಿ ತೋಟ, ತೆಂಗು, ಭತ್ತ. ಈ ಕಣಿವೆಯಲ್ಲಿ ಎಷ್ಟೋ ತಲೆಮಾರಿನಿಂದ ಕನ್ನಡ ಮಾತಾಡುವ ಒಕ್ಕಲಿಗರೂ ಕಪ್ಪಿಲಿಯರೂ ಇದಾರೆ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಓದು ಬರಹವೆಲ್ಲ ತಮಿಳೇ. ನಾನು ಕನ್ನಡ ಅಕ್ಷರ ಕಲಿತದ್ದು ಇಪ್ಪತ್ತೆರಡು ದಾಟಿದ ಮೇಲೆ, ಮೈಸೂರಿಗೆ ಓದಲಿಕ್ಕೆ ಬಂದಾಗ. ಹಾಗಾಗಿ ನನ್ನ ಕನ್ನಡದಲ್ಲಿ ಅಲ್ಲಲ್ಲಿ ತಮಿಳು ನುಸುಳಿದರೆ ಕ್ಷಮಿಸಬೇಕು.

ನಾನು ವೈದ್ಯನಲ್ಲ, ಚರಿತ್ರೆಯ ಮೇಷ್ಟ್ರು. ಈ ವಿಷಯಕ್ಕೆ ನನ್ನನ್ನು ಎಳೆದು ತಂದದ್ದು ನಮ್ಮ ಅತ್ತೆಯ ಒಂದು ಫೈಲು. ಅಪ್ಪನ ಅಕ್ಕ ಅವರು. ಚಿಕ್ಕಂದಿನಲ್ಲಿ ಜ್ವರ ಬಂದು ಕೀಲುಗಳೆಲ್ಲ ಊದಿ ವಾರಗಟ್ಟಲೆ ಮಲಗಿದ್ದರಂತೆ. ಆಮೇಲೆ ಎದ್ದು ಓಡಾಡಿದರು, ಮದುವೆಯಾದರು, ತೋಟದ ಕೆಲಸ ಮಾಡಿದರು. ನಲವತ್ತರ ಹೊತ್ತಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಕಟ್ಟೋದು ಶುರುವಾಯ್ತು. ಹೃದಯದ ಎಡಭಾಗದ ಮೈಟ್ರಲ್ ಕವಾಟ ಕಿರಿದಾಗಿತ್ತು. ರುಮಾಟಿಕ್ ಜ್ವರ ನಮ್ಮ ದೇಶದಲ್ಲಿ ಮಾಡುವ ಕೆಲಸವೇ ಇದು: ಬಾಲ್ಯದಲ್ಲಿ ಬಂದು ಹೋಗುತ್ತೆ, ಬಿಲ್ಲು ಕಳಿಸೋದು ಇಪ್ಪತ್ತು ಮೂವತ್ತು ವರ್ಷ ಆದಮೇಲೆ. 2014ರ ಮೊದಲ ತಿಂಗಳುಗಳಲ್ಲಿ ದೊಡ್ಡ ಊರಿನ ಒಂದು ಆಸ್ಪತ್ರೆಯಲ್ಲಿ ಅತ್ತೆಗೆ ಕವಾಟ ಬದಲಿಸಿದರು. ಆಪರೇಷನ್ ಚೆನ್ನಾಗಿಯೇ ಆಯ್ತು ಅಂದರು. ಮೊದಲ ದಿನ ಸಕ್ಕರೆ ಮುನ್ನೂರರ ಮೇಲೆ ಹೋಗಿ ಇನ್ಸುಲಿನ್ ಹಾಕಿದರು, ಅವರಿಗೆ ಸಕ್ಕರೆ ಕಾಯಿಲೆಯೇ ಇರಲಿಲ್ಲ. ಮೂರನೇ ದಿನ ರಕ್ತದೊತ್ತಡ ಕುಸಿಯಿತು. ನೀರು ಕೊಟ್ಟರೂ ಏರಲಿಲ್ಲ, ಔಷಧಿ ಕೊಟ್ಟರೂ ಏರಲಿಲ್ಲ. ಕಾರಣ ಯಾರಿಗೂ ಹೊಳೆಯಲಿಲ್ಲ.

ಆ ರಾತ್ರಿ ಡ್ಯೂಟಿಯಲ್ಲಿದ್ದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹೊರಗೆ ಬಂದು ಅತ್ತೆಯ ಮಗಳನ್ನು ಕೇಳಿದರು: "ಇವರು ಮನೆಯಲ್ಲಿ ಬೇರೆ ಏನಾದರೂ ಮಾತ್ರೆ ತಗೊಳ್ತಿದ್ದರಾ? ಅಂಗಡಿಯಿಂದ?" ಅವಳು ಯೋಚಿಸಿ, ಹೌದು, ಮೂಳೆ ನೋವಿಗೆ, ಮೇಲುಸಿರಿಗೆ ಒಂದು ಚಿಕ್ಕ ಬಿಳಿ ಮಾತ್ರೆ, ವರ್ಷಗಳಿಂದ, ಅಂದಳು. ಅಲ್ಲಿಗೆ ಗೊತ್ತಾಯ್ತು. ಹೈಡ್ರೊಕಾರ್ಟಿಸೋನ್ ಶುರು ಮಾಡಿದರು. ಬೆಳಗಾಗೋದರೊಳಗೆ ಒತ್ತಡ ಏರಿತು. ಅತ್ತೆ ಬದುಕಿದರು.

ಆ ಫೈಲು ನನ್ನ ಕೈಗೆ ಬಂದದ್ದು ಕೆಲವು ವರ್ಷ ಆದಮೇಲೆ. ಅರಿವಳಿಕೆಯ ಹಾಳೆಯಲ್ಲಿ ಒಂದು ಸಾಲು ಇತ್ತು: ಆಪರೇಷನ್‌ಗೆ ಮುಂಚೆ ಮಿಥೈಲ್‌ಪ್ರೆಡ್ನಿಸೊಲೋನ್ 1 ಗ್ರಾಂ. ಅಂದರೆ ಅದೂ ಸ್ಟೀರಾಯ್ಡೇ. ಮೊದಲ ದಿನ ಬೇಕಾದಷ್ಟಕ್ಕಿಂತ ನೂರಾರು ಪಟ್ಟು ಕೊಟ್ಟಿದ್ದ ಅದೇ ಜಾತಿಯ ಔಷಧಿ ಮೂರನೇ ದಿನ ಇಲ್ಲದೆ ಜೀವ ಹೋಗ್ತಿತ್ತು. ಮನೆಯಲ್ಲಿ ಇವತ್ತಿಗೂ ಎರಡು ಪಕ್ಷ ಇದೆ. ಒಂದು ಪಕ್ಷ "ಸ್ಟೀರಾಯ್ಡ್ ಊಸಿ ಹಾಕಿಯೇ ಕೆಡಿಸಿದ್ದು" ಅನ್ನುತ್ತೆ. ಊಸಿ ಅಂದ್ರೆ ಇಂಜೆಕ್ಷನ್, ನಮ್ಮ ಕಡೆ ಹಾಗೇ ಅನ್ನೋದು. ಇನ್ನೊಂದು ಪಕ್ಷ "ಆ ಊಸಿಯಿಂದಲೇ ಉಳಿದದ್ದು" ಅನ್ನುತ್ತೆ. ಇಬ್ಬರೂ ಮಾತಾಡ್ತಿರೋದು ಬೇರೆ ಬೇರೆ ಊಸಿ ಬಗ್ಗೆ ಅಂತ ಇಬ್ಬರಿಗೂ ಗೊತ್ತಿಲ್ಲ. ಆ ಒಂದು ಗ್ರಾಮಿನ ಸಾಲು ಎಲ್ಲಿಂದ ಬಂತು, ಯಾಕೆ ಬಂತು ಅನ್ನೋದನ್ನ ಹುಡುಕಿಕೊಂಡು ಹೋದ ಕಥೆ ಇದು.

ಶುರು ಮಾಡಬೇಕಾದ್ದು ಅಮೆರಿಕದ ಮಿನೆಸೋಟಾ ರಾಜ್ಯದ ರಾಚೆಸ್ಟರ್ ಅನ್ನುವ ಊರಿನಿಂದ. ಅಲ್ಲಿನ ಮೇಯೊ ಕ್ಲಿನಿಕ್ಕಿನಲ್ಲಿ ಎಡ್ವರ್ಡ್ ಕೆಂಡಾಲ್ ಎಂಬ ರಸಾಯನ ವಿಜ್ಞಾನಿ ಅಡ್ರಿನಲ್ ಗ್ರಂಥಿಯ ರಸದಿಂದ ಕೆಲವು ವಸ್ತುಗಳನ್ನು ಬೇರ್ಪಡಿಸಿ ಎ, ಬಿ, ಸಿ ಅಂತ ಹೆಸರಿಟ್ಟಿದ್ದ. ಅದರಲ್ಲಿ 'ಇ' ಅನ್ನೋದೇ ಮುಂದೆ ಕಾರ್ಟಿಸೋನ್ ಆಯ್ತು. 1948ರ ಸೆಪ್ಟೆಂಬರಿನಲ್ಲಿ ಅದೇ ಆಸ್ಪತ್ರೆಯ ಫಿಲಿಪ್ ಹೆಂಚ್, ಕೀಲುವಾತದಿಂದ ಹಾಸಿಗೆ ಹಿಡಿದಿದ್ದ ಒಬ್ಬ ಯುವತಿಗೆ ಇದನ್ನು ಚುಚ್ಚಿದ. ಕೆಲವೇ ದಿನದಲ್ಲಿ ಆಕೆ ಎದ್ದು ನಡೆದಳು. ಎರಡೇ ವರ್ಷಕ್ಕೆ, 1950ರಲ್ಲಿ, ಕೆಂಡಾಲ್, ಹೆಂಚ್ ಮತ್ತು ಸ್ವಿಟ್ಜರ್ಲೆಂಡಿನ ರೈಖ್‌ಸ್ಟೈನ್‌ಗೆ ನೊಬೆಲ್ ಬಂತು. ಇಷ್ಟು ಬೇಗ ನೊಬೆಲ್ ಬಂದ ಔಷಧಿಗಳು ಕಡಿಮೆ. ಆ ಬೇಗವೇ ಮುಂದಿನ ಅರ್ಧ ತೊಂದರೆಗೆ ಕಾರಣ ಅಂತ ನನ್ನ ಅನಿಸಿಕೆ. ಪವಾಡ ಮೊದಲು ಬಂತು, ಲೆಕ್ಕ ಆಮೇಲೆ.

ಆ ಕಾರ್ಟಿಸೋನ್ ಎಲ್ಲಿಂದ ಬರ್ತಿತ್ತು ಗೊತ್ತಾ? ದನದ ಪಿತ್ತರಸದಿಂದ. ಮರ್ಕ್ ಕಂಪನಿಯ ಲೂಯಿಸ್ ಸಾರೆಟ್ ಕಸಾಯಿಖಾನೆಯಿಂದ ಬಂದ ಪಿತ್ತದ ಆಮ್ಲವನ್ನು ಮೂವತ್ತಕ್ಕೂ ಹೆಚ್ಚು ರಾಸಾಯನಿಕ ಹಂತಗಳಲ್ಲಿ ಮಾರ್ಪಡಿಸಿ ಅದನ್ನು ಮಾಡಿದ್ದ. ಈ ಮಾತನ್ನು ನಾನು ಊರಿನಲ್ಲಿ ಹೇಳಿದಾಗ ನಮ್ಮ ದೊಡ್ಡವರು ಒಬ್ಬರು ಎದ್ದೇ ಹೋದರು. ಕಂಬಂನಲ್ಲಿ ನಂದಗೋಪಾಲನ ಹೆಸರಿನ ತಂಬಿರಾನ್ ಮಾಟ್ಟುತೊಳು ಇದೆ, ದೇವರಿಗೆ ಬಿಟ್ಟ ದನಗಳ ದೊಡ್ಡಿ. ನಮ್ಮ ಒಕ್ಕಲಿಗರು ನಡೆಸಿಕೊಂಡು ಬಂದದ್ದು. ಸಂಕ್ರಾಂತಿಯ ಮಾರನೇ ದಿನ ಮಾಟ್ಟು ಪೊಂಗಲಿಗೆ ಕಣಿವೆಯ ಜನವೆಲ್ಲ ಅಲ್ಲಿ ಸೇರ್ತಾರೆ. ದನವೇ ಅಲ್ಲಿ ದೇವರು. ಅಂಥ ಜನಕ್ಕೆ ಇದನ್ನು ಹೇಳೋ ರೀತಿ ಬೇರೆ ಇರಬೇಕಿತ್ತು, ತಪ್ಪು ನನ್ನದೇ.

ಪಿತ್ತದ ದಾರಿ ದುಬಾರಿಯಾಗಿತ್ತು. ಆ ಹೊತ್ತಿಗೆ ರಸೆಲ್ ಮಾರ್ಕರ್ ಎಂಬಾತ ಮೆಕ್ಸಿಕೊದ ಕಾಡುಗೆಣಸಿನಲ್ಲಿ ಡಯೋಸ್ಜೆನಿನ್ ಎಂಬ ವಸ್ತು ಇರೋದನ್ನು, ಅದರಿಂದ ಹಾರ್ಮೋನು ಮಾಡಬಹುದು ಅನ್ನೋದನ್ನು ತೋರಿಸಿದ್ದ. 1944ರಲ್ಲಿ ಮೆಕ್ಸಿಕೊದಲ್ಲೇ ಸಿಂಟೆಕ್ಸ್ ಕಂಪನಿ ಹುಟ್ಟಿತು. 1952ರಲ್ಲಿ ಅಪ್‌ಜಾನ್ ಕಂಪನಿಯವರು ಒಂದು ಬೂಷ್ಟನ್ನೇ ಕೆಲಸಕ್ಕೆ ಹಚ್ಚಿ ಕಷ್ಟದ ಒಂದು ಹಂತವನ್ನು ಒಂದೇ ಏಟಿಗೆ ಮುಗಿಸಿದರು. ಬೆಲೆ ಕುಸಿಯಿತು. ಕನ್ನಡದವರಿಗೆ ಇದರಲ್ಲಿ ಒಂದು ಪಾಲಿದೆ: ಬೆಂಗಳೂರು ಬಳಿಯ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಸ್ಟೀರಾಯ್ಡ್ ಉದ್ಯಮಕ್ಕೆಂದೇ ಔಷಧಿ ಗೆಣಸಿನ ತಳಿ ಬೆಳೆಸಿತು, ಅದರಲ್ಲೊಂದರ ಹೆಸರು ಅರ್ಕಾ ಉಪಕಾರ್. 1950ರ ದಶಕ ಮುಗಿಯುವ ಹೊತ್ತಿಗೆ ಪ್ರೆಡ್ನಿಸೊಲೋನ್, ಮಿಥೈಲ್‌ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ಮೂರೂ ಬಂದಿದ್ದವು. ಬರಬರುತ್ತ ಡೆಕ್ಸಾಮೆಥಾಸೋನ್ ಎಷ್ಟು ಅಗ್ಗವಾಯ್ತು ಅಂದರೆ ನಮ್ಮ ಬಸ್‌ಸ್ಟ್ಯಾಂಡಿನ ಪೆಟ್ಟಿ ಅಂಗಡಿ ಟೀಗಿಂತ ಕಡಿಮೆ ಕಾಸಿಗೆ ಒಂದು ಮಾತ್ರೆ. ಅತ್ತೆಯ ಚಿಕ್ಕ ಬಿಳಿ ಮಾತ್ರೆ ಅದೇ.

ಈಗ 1952ರ ಒಂದು ವರದಿಗೆ ಬರ್ತೀನಿ. ಕೀಲುವಾತಕ್ಕೆ ತಿಂಗಳುಗಟ್ಟಲೆ ಕಾರ್ಟಿಸೋನ್ ತೆಗೆದುಕೊಂಡಿದ್ದ ಮೂವತ್ತರ ಆಸುಪಾಸಿನ ಗಂಡಸು ಒಬ್ಬನಿಗೆ ಸೊಂಟದ ಆಪರೇಷನ್ ಆಯ್ತು. ಕೆಲವೇ ಗಂಟೆಗಳಲ್ಲಿ ರಕ್ತದೊತ್ತಡ ಬಿದ್ದು ಆತ ತೀರಿಕೊಂಡ. ದೇಹ ಸೀಳಿ ನೋಡಿದರೆ ಅಡ್ರಿನಲ್ ಗ್ರಂಥಿಗಳು ಬತ್ತಿ ಹೋಗಿದ್ದವು. ಹೊರಗಿನಿಂದ ದಿನಾ ಬರ್ತಿದ್ದರೆ ಗ್ರಂಥಿ ತನ್ನ ಕೆಲಸ ನಿಲ್ಲಿಸುತ್ತೆ. ಸುಮ್ಮನಿದ್ದಾಗ ಅದು ಗೊತ್ತಾಗೋಲ್ಲ. ಆಪರೇಷನ್, ದೊಡ್ಡ ಜ್ವರ, ಅಪಘಾತ ಇಂಥ ಹೊತ್ತಿನಲ್ಲಿ ದೇಹಕ್ಕೆ ನಾಲ್ಕಾರು ಪಟ್ಟು ಕಾರ್ಟಿಸೋಲ್ ಬೇಕಾದಾಗ ಕೊಡೋರಿಲ್ಲದೆ ಬಿದ್ದುಬಿಡುತ್ತೆ. ಅಂದರೆ ಅತ್ತೆಗೆ ಮೂರನೇ ದಿನ ಆದದ್ದು ವೈದ್ಯಕ್ಕೆ 62 ವರ್ಷದಿಂದ ಗೊತ್ತಿದ್ದ ಸಂಗತಿ. ನಾಲ್ಕು ಮಂದಿ ವೈದ್ಯರು ನೋಡಿದರೂ ಆ ಪ್ರಶ್ನೆ ಕೇಳಲಿಕ್ಕೆ ಮೂರು ದಿನ ಬೇಕಾಯ್ತು. ವೈದ್ಯರ ಮೇಲೆ ಪೂರ್ತಿ ಹಾಕಲಿಕ್ಕೂ ನನಗೆ ಮನಸ್ಸಿಲ್ಲ. ನಮ್ಮವರು ಅಂಗಡಿ ಮಾತ್ರೆಯನ್ನು ಮಾತ್ರೆ ಅಂತ ಲೆಕ್ಕಕ್ಕೇ ಹಿಡಿಯೋದಿಲ್ಲ. "ಏನು ಮಾತ್ರೆ ತಗೊಳ್ತೀರಿ" ಅಂತ ಕೇಳಿದರೆ ಡಾಕ್ಟರು ಬರೆದುಕೊಟ್ಟದ್ದನ್ನಷ್ಟೇ ಹೇಳ್ತಾರೆ.

ಇನ್ನು ಹೃದಯದ ಕಡೆಗೆ. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ತಾನು ಸುಮಾರು ಇಪ್ಪತ್ತು ವರ್ಷ ದುಡಿದು ಕಟ್ಟಿದ ಹಾರ್ಟ್-ಲಂಗ್ ಮಷೀನಿನ ಸಹಾಯದಿಂದ ಹದಿನೆಂಟು ವರ್ಷದ ಹುಡುಗಿಯ ಹೃದಯದೊಳಗಿನ ತೂತು ಹೊಲಿದ. ಅದು ಗೆದ್ದಿತು. ಅದರ ನಂತರದ ರೋಗಿಗಳು ಉಳಿಯಲಿಲ್ಲ, ಗಿಬ್ಬನ್ ಕೈಬಿಟ್ಟ. ಆ ಯಂತ್ರವನ್ನು ತಿದ್ದಿ 1955ರ ಮಾರ್ಚಿನಿಂದ ಒಂದರ ಹಿಂದೆ ಒಂದು ಆಪರೇಷನ್ ಮಾಡಿ ತೋರಿಸಿದವನು ಜಾನ್ ಕಿರ್ಕ್ಲಿನ್, ಎಲ್ಲಿ ಅಂದರೆ ಅದೇ ಮೇಯೊ ಕ್ಲಿನಿಕ್ಕಿನಲ್ಲಿ. ಕಾರ್ಟಿಸೋನ್ ಹುಟ್ಟಿದ ಊರು, ಹೃದಯ ತೆರೆದು ಮಾಡುವ ಶಸ್ತ್ರಚಿಕಿತ್ಸೆ ದಿನಚರಿಯಾಗಲಿಕ್ಕೆ ಶುರುವಾದ ಊರು, ಎರಡೂ ಒಂದೇ. ನಡುವೆ ಏಳು ವರ್ಷ. ಆಗ ನಮ್ಮ ಗೂಡಲೂರು ಮದುರೈ ಜಿಲ್ಲೆಯಲ್ಲಿತ್ತು, ತೇನಿ ಜಿಲ್ಲೆಯಾದದ್ದು 1996ರಲ್ಲಿ. ನಮಗೆ ಹತ್ತಿರದಲ್ಲಿ ಇಂಥ ಕೆಲಸಕ್ಕೆ ಮೊದಲು ಕೈ ಹಾಕಿದ್ದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು. ರೀವ್ ಬೆಟ್ಸ್ ಎಂಬ ಅಮೆರಿಕದ ಎದೆಯ ಸರ್ಜನ್, ಅವರ ಜೊತೆ ಎನ್. ಗೋಪಿನಾಥ್, 1950ರ ದಶಕದ ಕೊನೆಯಿಂದ 1960ರ ದಶಕದ ಮೊದಲ ವರ್ಷಗಳ ತನಕ ಅಲ್ಲಿ ಭಾರತದ ತೆರೆದ ಹೃದಯ ಶಸ್ತ್ರಚಿಕಿತ್ಸೆಗೆ ಅಡಿಪಾಯ ಹಾಕಿದರು. ಘಾಟಿಯ ಆಚೆ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಎಂ.ಎಸ್. ವಲಿಯತ್ತಾನ್ ಮುಂದಾಳತ್ವದಲ್ಲಿ ನಮ್ಮದೇ ದೇಶದ ಕೃತಕ ಕವಾಟ ತಯಾರಾಯ್ತು, 1990ರ ಡಿಸೆಂಬರಿನಲ್ಲಿ ಮೊದಲ ಸಲ ರೋಗಿಗೆ ಹಾಕಿದರು. ರುಮಾಟಿಕ್ ಜ್ವರದಿಂದ ಕೆಟ್ಟ ಬಡವರ ಕವಾಟಗಳಿಗೆ ಅದು ದೊಡ್ಡ ಉಪಕಾರ.

ಯಂತ್ರದಲ್ಲಿ ಒಂದು ಒಳಗುಟ್ಟು ಇತ್ತು. ಆಪರೇಷನ್ ಥಿಯೇಟರಿನವರು ಇದನ್ನು "ಪಂಪು" ಅಂತಾರೆ, ರೋಗಿ ಪಂಪಿನ ಮೇಲೆ ಹೋದ, ಪಂಪಿನಿಂದ ಇಳಿದ ಅಂತ. ಹೃದಯ ನಿಲ್ಲಿಸಿದಾಗ ರಕ್ತವೆಲ್ಲ ಪ್ಲಾಸ್ಟಿಕ್ ಕೊಳವೆಯಲ್ಲಿ ಹರಿದು, ಆಮ್ಲಜನಕ ಸೇರಿಸಿಕೊಂಡು, ವಾಪಸ್ ದೇಹಕ್ಕೆ ಹೋಗುತ್ತೆ. ಹುಟ್ಟಿದಾಗಿನಿಂದ ರಕ್ತನಾಳದ ನಯವಾದ ಒಳಗೋಡೆ ಬಿಟ್ಟು ಬೇರೇನನ್ನೂ ಮುಟ್ಟದ ರಕ್ತಕ್ಕೆ ಪ್ಲಾಸ್ಟಿಕ್ಕು ಅಂದರೆ ಶತ್ರು. ಒಳಗಿನ ಕಾವಲು ಪಡೆ ಎಲ್ಲಾ ಕಡೆ ಏಕಕಾಲಕ್ಕೆ ಎಚ್ಚೆತ್ತುಕೊಳ್ಳುತ್ತೆ. ಮಾಮೂಲಿ ಗಾಯದಲ್ಲಿ ಉರಿಯೂತ ಗಾಯದ ಜಾಗದಲ್ಲಿ ಮಾತ್ರ, ಇಲ್ಲಿ ಇಡೀ ಮೈಯಲ್ಲಿ. ಶ್ವಾಸಕೋಶದಲ್ಲಿ ನೀರು ತುಂಬೋದು, ಮೂತ್ರಪಿಂಡ ಸುಸ್ತಾಗೋದು, ಜ್ವರ, ಹೃದಯ ತಾಳ ತಪ್ಪೋದು, ರೋಗಿ ಮೂರು ದಿನ ಯಾರನ್ನೂ ಗುರುತಿಸದೆ ಬಡಬಡಿಸೋದು, ಇವೆಲ್ಲಕ್ಕೂ ಅದರದ್ದೊಂದು ಕೈ ಇದೆ ಅಂತ ಶಂಕೆ. 1981ರಲ್ಲಿ ಶೆನೊವೆತ್ ಮತ್ತು ಸಂಗಡಿಗರು ಪಂಪಿನ ಹೊತ್ತಿನಲ್ಲಿ ರಕ್ತದಲ್ಲಿ ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನುಗಳು ಒಡೆದು ಉದ್ರೇಕಗೊಳ್ಳೋದನ್ನು ಅಳೆದು ತೋರಿಸಿದರು. 1983ರಲ್ಲಿ ಆ ಹಾನಿಗೂ ಆಪರೇಷನ್ ನಂತರದ ತೊಂದರೆಗೂ ಇರುವ ನಂಟನ್ನು ಬರೆದವನು ಮತ್ತೆ ಅದೇ ಕಿರ್ಕ್ಲಿನ್, ಆಗ ಅಲಬಾಮಾದಲ್ಲಿದ್ದ. ಯಂತ್ರವನ್ನು ಪಳಗಿಸಿದವನೇ ಅದರ ದೋಷವನ್ನೂ ಎತ್ತಿ ಹಿಡಿದ. ನನಗೆ ಈ ಕಥೆಯಲ್ಲಿ ತುಂಬಾ ಗೌರವ ಬರೋದು ಇವನ ಮೇಲೆ.

ಉರಿಯೂತಕ್ಕೆ ಸ್ಟೀರಾಯ್ಡ್ ಬಿಟ್ಟು ಬೇರೇನು? ಅದನ್ನು ಕಾಂಪ್ಲಿಮೆಂಟ್ ಅಳೆಯೋದಕ್ಕೆ ಮುಂಚೆಯೇ, 1960ರ ದಶಕದಿಂದಲೇ ಕೊಡ್ತಿದ್ದರು. ಪ್ರಮಾಣ ಎಲ್ಲಿಂದ ಬಂತು ಅನ್ನೋದು ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ. ಪುಸ್ತಕಗಳಲ್ಲಿ ಪದೇ ಪದೇ ಕಾಣೋ ಅಂಕಿ, ಕಿಲೋ ತೂಕಕ್ಕೆ 30 ಮಿಲಿಗ್ರಾಂ ಮಿಥೈಲ್‌ಪ್ರೆಡ್ನಿಸೊಲೋನ್. ಇದೇ ಅಂಕಿ ಇನ್ನೊಂದು ಕಡೆಯೂ ಸಿಗುತ್ತೆ: ಸೋಂಕಿನಿಂದ ರಕ್ತದೊತ್ತಡ ಕುಸಿದವರಿಗೆ ಕೊಡುವ ಚಿಕಿತ್ಸೆಯಲ್ಲಿ. ಮಿನೆಸೋಟಾದ ಸರ್ಜನ್ ರಿಚರ್ಡ್ ಲಿಲ್ಲಹೈ 1960ರ ದಶಕದಲ್ಲಿ ಶಾಕಿಗೆ ಭಾರೀ ಪ್ರಮಾಣದ ಸ್ಟೀರಾಯ್ಡ್ ಪ್ರತಿಪಾದಿಸಿದ, ಇವನ ಅಣ್ಣ ವಾಲ್ಟನ್ ಲಿಲ್ಲಹೈ ಹೃದಯ ಶಸ್ತ್ರಚಿಕಿತ್ಸೆಯ ದೊಡ್ಡ ಹೆಸರು. 1976ರಲ್ಲಿ ವಿಲಿಯಂ ಶೂಮರ್ 172 ರೋಗಿಗಳ ಮೇಲೆ ಪರೀಕ್ಷೆ ಮಾಡಿ, ಸ್ಟೀರಾಯ್ಡ್ ಕೊಟ್ಟವರಲ್ಲಿ ಸಾವು ಸುಮಾರು ಶೇ. 10, ಕೊಡದವರಲ್ಲಿ ಶೇ. 38 ಅಂತ ಬರೆದ. ಅದನ್ನು ಓದಿದ ಯಾವ ವೈದ್ಯ ಕೊಡದೆ ಇರ್ತಾನೆ ಹೇಳಿ? ಹನ್ನೊಂದು ವರ್ಷ ಕೊಟ್ಟರು. 1987ರಲ್ಲಿ ಎರಡು ದೊಡ್ಡ ಪರೀಕ್ಷೆಗಳು ಒಟ್ಟಿಗೆ ಬಂದವು, ಎರಡರಲ್ಲೂ ಲಾಭ ಕಾಣಲಿಲ್ಲ. ಶಾಕಿನ ಚಿಕಿತ್ಸೆಯಿಂದ ಭಾರೀ ಪ್ರಮಾಣ ಇಳಿದು ಹೋಯ್ತು. ಹೃದಯದ ಥಿಯೇಟರಿನಲ್ಲಿ ಮಾತ್ರ ಉಳಿಯಿತು.

ಅತ್ತೆಯ ಒಂದು ಗ್ರಾಂ ಎಷ್ಟು ಅಂತ ನಾನೇ ಕೂತು ಲೆಕ್ಕ ಹಾಕಿದೆ. ನಾಲ್ಕು ಮಿಲಿಗ್ರಾಂ ಮಿಥೈಲ್‌ಪ್ರೆಡ್ನಿಸೊಲೋನ್ ಇಪ್ಪತ್ತು ಮಿಲಿಗ್ರಾಂ ಹೈಡ್ರೊಕಾರ್ಟಿಸೋನಿಗೆ ಸಮ. ಆ ಲೆಕ್ಕದಲ್ಲಿ 1 ಗ್ರಾಂ ಅಂದರೆ 5 ಗ್ರಾಂ ಹೈಡ್ರೊಕಾರ್ಟಿಸೋನ್. ಆರೋಗ್ಯವಂತರ ದೇಹ ದಿನಕ್ಕೆ ಇಪ್ಪತ್ತು ಮಿಲಿಗ್ರಾಂ ಆಸುಪಾಸು ಮಾಡಿಕೊಳ್ಳುತ್ತೆ ಅಂತ ಇಟ್ಟುಕೊಂಡರೆ ಇನ್ನೂರೈವತ್ತು ದಿನದ್ದು ಒಂದೇ ಏಟಿಗೆ. ಅದರ ಪ್ರಭಾವ ಒಂದೂವರೆ ದಿನದಲ್ಲಿ ಇಳಿದುಹೋಗುತ್ತೆ. ಸಕ್ಕರೆ ಏರಿದ್ದು ಯಾಕೆ, ಮೂರನೇ ದಿನದ ತನಕ ಗ್ರಂಥಿಯ ಸೋಮಾರಿತನ ಹೊರಗೆ ಕಾಣದೆ ಇದ್ದದ್ದು ಯಾಕೆ, ಎರಡೂ ಇಲ್ಲಿ ಅರ್ಥ ಆಗುತ್ತೆ ಅಂತ ನನಗೆ ತೋರಿತು. ಒಬ್ಬ ಹಿರಿಯ ಅರಿವಳಿಕೆ ವೈದ್ಯರಿಗೆ ತೋರಿಸಿದೆ, ಇರಬಹುದು ಅಂದರು.

ನಡುವೆ ಒಂದು ಅಡ್ಡ ಕಥೆ. ಅತ್ತೆಗೆ ಬಾಲ್ಯದಲ್ಲಿ ಬಂದ ಜ್ವರಕ್ಕೇ ಸ್ಟೀರಾಯ್ಡ್ ಕೊಟ್ಟಿದ್ದರೆ ಕವಾಟ ಉಳೀತಿತ್ತಾ? ಈ ಪ್ರಶ್ನೆಯನ್ನು ಜಗತ್ತು ಬಹಳ ಹಿಂದೆಯೇ ಕೇಳಿತ್ತು. ಬ್ರಿಟನ್ನು ಅಮೆರಿಕ ಸೇರಿ ರುಮಾಟಿಕ್ ಜ್ವರದ 497 ಮಕ್ಕಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಎಸಿಟಿಎಚ್, ಒಂದಕ್ಕೆ ಕಾರ್ಟಿಸೋನ್, ಒಂದಕ್ಕೆ ಬರೀ ಆಸ್ಪಿರಿನ್ ಕೊಟ್ಟರು. 1955ರಲ್ಲಿ ಫಲಿತಾಂಶ ಬಂತು. ಹೃದಯದ ಹಾನಿಯಲ್ಲಿ ಮೂರು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಹತ್ತು ವರ್ಷ ಹಿಂಬಾಲಿಸಿ ನೋಡಿದರೂ ಇಲ್ಲ. ಅವರನ್ನು ಕಾಪಾಡಬಹುದಾಗಿದ್ದು ಗಂಟಲು ನೋವಿಗೆ ಪೆನಿಸಿಲಿನ್, ಆಮೇಲೆ ಮೂರು ವಾರಕ್ಕೊಮ್ಮೆ ಬೆಂಜಥೈನ್ ಪೆನಿಸಿಲಿನ್ ಸೂಜಿ. ಪೆನಿಸಿಲಿನ್ ಸ್ಟೀರಾಯ್ಡಿಗಿಂತ ಹಳೇ ಔಷಧಿ. ಅದು ನಮ್ಮ ಕಣಿವೆಯ ಒಂದು ಹೆಣ್ಣು ಮಗುವಿನ ತನಕ ತಲುಪಲಿಲ್ಲ.

ಈ 1955ರ ಪರೀಕ್ಷೆಯನ್ನು ಯಾಕೆ ಹೇಳಿದೆ ಅಂದರೆ, ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಹಂಚಿ ಹೋಲಿಸುವ ವಿಧಾನ ಆಗಲೇ ಕೈಯಲ್ಲಿತ್ತು ಅನ್ನೋದಕ್ಕೆ. ಪಂಪಿನ ರೋಗಿಗಳಿಗೆ ಅಂಥ ದೊಡ್ಡ ಪರೀಕ್ಷೆ ಬರಲಿಕ್ಕೆ 2012 ಆಗಬೇಕಾಯ್ತು. ಅಲ್ಲಿಯವರೆಗೆ ಇದ್ದದ್ದು ನಲವತ್ತು, ಅರವತ್ತು, ನೂರು ಜನರ ಚಿಕ್ಕ ಚಿಕ್ಕ ಪರೀಕ್ಷೆಗಳು. ಹೆಚ್ಚಿನವು ರಕ್ತದಲ್ಲಿ ಉರಿಯೂತದ ಗುರುತುಗಳು ಇಳಿದವು ಅಂತ ತೋರಿಸಿದವು. ಇಳಿಯೋದು ನಿಜ. ರೋಗಿ ಬದುಕಿದನಾ, ಬೇಗ ಮನೆಗೆ ಹೋದನಾ ಅನ್ನೋದು ಬೇರೆ ಪ್ರಶ್ನೆ. ಒಳ್ಳೆಯ ಕೆಲಸಗಳೂ ಇದ್ದವು: 2007ರಲ್ಲಿ ಫಿನ್ಲೆಂಡಿನವರು 241 ರೋಗಿಗಳಲ್ಲಿ ಹೈಡ್ರೊಕಾರ್ಟಿಸೋನ್ ಕೊಟ್ಟು, ಆಪರೇಷನ್ ನಂತರ ಹೃದಯ ತಾಳ ತಪ್ಪೋದು ಶೇ. 48ರಿಂದ 30ಕ್ಕೆ ಇಳಿಯಿತು ಅಂತ ತೋರಿಸಿದರು. ಎದುರು ದನಿಯೂ ಇತ್ತು. ಅಮೆರಿಕದ ಅರಿವಳಿಕೆ ವೈದ್ಯ ಮಾರ್ಕ್ ಚೇನಿ 2002ರಲ್ಲಿ ಆವರೆಗಿನ ಕೆಲಸವನ್ನೆಲ್ಲ ಜಾಲಾಡಿ, ಲಾಭಕ್ಕೆ ಗಟ್ಟಿ ಆಧಾರ ಇಲ್ಲ, ಕೆಡುಕೂ ಆಗಬಹುದು ಅಂತ ಬರೆದ. ಒಂದೇ ಊರಿನ ಎರಡು ಆಸ್ಪತ್ರೆಯಲ್ಲಿ ಒಂದು ಎಲ್ಲರಿಗೂ ಕೊಡೋದು, ಇನ್ನೊಂದು ಯಾರಿಗೂ ಕೊಡದೆ ಇರೋದು, ಇಬ್ಬರೂ ತಾವೇ ಸರಿ ಅಂತ ನಂಬೋದು. ನಮ್ಮ ಕಡೆ ದ್ರಾಕ್ಷಿಗೆ ಔಷಧಿ ಹೊಡೆಯೋ ವಿಷಯದಲ್ಲಿ ಅಕ್ಕಪಕ್ಕದ ತೋಟದವರ ಜಗಳ ಇದೇ ಥರ ಇರುತ್ತೆ.

2012ರ ಪರೀಕ್ಷೆ ನೆದರ್ಲೆಂಡ್ಸಿನದು, ಡೆಕ್ಸ್ ಅಂತ ಕರೀತಾರೆ. ಎಂಟು ಆಸ್ಪತ್ರೆ, 4,494 ರೋಗಿಗಳು. ಅರ್ಧ ಜನಕ್ಕೆ ಕಿಲೋಗೆ ಒಂದು ಮಿಲಿಗ್ರಾಂ ಡೆಕ್ಸಾಮೆಥಾಸೋನ್, ಅರ್ಧ ಜನಕ್ಕೆ ಔಷಧಿಯಿಲ್ಲದ ಸೂಜಿ, ಯಾರಿಗೆ ಏನು ಅಂತ ಕೊಟ್ಟವರಿಗೂ ಗೊತ್ತಿಲ್ಲ. ಒಂದು ತಿಂಗಳಲ್ಲಿ ಸಾವು, ಹೃದಯಾಘಾತ, ಪಾರ್ಶ್ವವಾಯು, ಮೂತ್ರಪಿಂಡ ಅಥವಾ ಉಸಿರಾಟದ ವೈಫಲ್ಯ, ಇವುಗಳಲ್ಲಿ ಒಂದಾದರೂ ಆದವರು ಔಷಧಿ ಗುಂಪಿನಲ್ಲಿ ಶೇ. 7.0, ಇನ್ನೊಂದರಲ್ಲಿ ಶೇ. 8.5. ಕಡಿಮೆ ಇದೆಯಲ್ಲ ಅಂತ ಅನಿಸುತ್ತೆ. ಆದರೆ ಇಷ್ಟು ವ್ಯತ್ಯಾಸ ಬರೀ ಅದೃಷ್ಟದಿಂದಲೂ ಬರಬಹುದು, ಸಂಖ್ಯಾಶಾಸ್ತ್ರದ ಗೆರೆಯನ್ನು ಅದು ದಾಟಲಿಲ್ಲ. ಸೋಂಕು ಜಾಸ್ತಿ ಆಗುತ್ತೆ ಅಂತ ಎಲ್ಲರೂ ಹೆದರಿದ್ದರು, ಅದು ಕಡಿಮೆಯೇ ಆಗಿತ್ತು, ಶೇ. 14.8ರ ಬದಲು 9.5. ಬಡಬಡಿಕೆಯೂ ಸ್ವಲ್ಪ ಕಡಿಮೆ. ಸಕ್ಕರೆ ಮಾತ್ರ ಏರಿತು. ವಯಸ್ಸು ಕಡಿಮೆ ಇದ್ದವರಿಗೆ ಲಾಭ ಹೆಚ್ಚು, ಎಂಬತ್ತು ದಾಟಿದವರಿಗೆ ಉಲ್ಟಾ ಇರಬಹುದು ಅನ್ನೋ ಸುಳಿವೂ ಸಿಕ್ಕಿತು.

ಅತ್ತೆಯ ಆಪರೇಷನ್ ಆದದ್ದು ಇದಾದ ಒಂದೂವರೆ ವರ್ಷಕ್ಕೆ. ಆ ವೈದ್ಯರು ಡೆಕ್ಸ್ ಓದಿ ಕೊಟ್ಟರಾ, ಹಳೇ ಅಭ್ಯಾಸದಿಂದ ಕೊಟ್ಟರಾ ಗೊತ್ತಾಗೋ ದಾರಿ ಇಲ್ಲ. ಅವತ್ತಿನ ತಿಳಿವಳಿಕೆಯಲ್ಲಿ ಅದನ್ನು ತಪ್ಪು ಅನ್ನಲಿಕ್ಕೆ ಆಗೋಲ್ಲ. ಇದನ್ನು ಮನೆಯ ಮೊದಲ ಪಕ್ಷಕ್ಕೆ ನಾನು ಹೇಳಿದೆ, ಅವರು ಒಪ್ಪಲಿಲ್ಲ.

2015ರಲ್ಲಿ ಇನ್ನೂ ದೊಡ್ಡದು ಬಂತು. ಕೆನಡಾದ ರಿಚರ್ಡ್ ವಿಟ್ಲಾಕ್ ಮುಂದಾಳತ್ವದ ಸರ್ಸ್ ಪರೀಕ್ಷೆ, 18 ದೇಶ, 80 ಆಸ್ಪತ್ರೆ, 7,507 ರೋಗಿಗಳು. ಆರಿಸಿಕೊಂಡದ್ದು ಅಪಾಯ ಹೆಚ್ಚಿರುವವರನ್ನೇ. ಮಿಥೈಲ್‌ಪ್ರೆಡ್ನಿಸೊಲೋನ್ 250 ಮಿಲಿಗ್ರಾಂ ಎರಡು ಸಲ. ತಿಂಗಳೊಳಗೆ ತೀರಿಕೊಂಡವರು ಔಷಧಿ ಗುಂಪಿನಲ್ಲಿ 154, ಇನ್ನೊಂದರಲ್ಲಿ 177. ಇದೂ ಅದೃಷ್ಟದ ಗೆರೆಯೊಳಗೇ. ಸಾವು ಮತ್ತು ದೊಡ್ಡ ತೊಂದರೆಗಳನ್ನು ಸೇರಿಸಿ ನೋಡಿದರೆ ಎರಡೂ ಕಡೆ ಶೇ. 24, ಎಳ್ಳಷ್ಟೂ ವ್ಯತ್ಯಾಸ ಇಲ್ಲ. ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದ ಗುರುತು ಮಾತ್ರ ಔಷಧಿ ಗುಂಪಿನಲ್ಲಿ ಸ್ವಲ್ಪ ಜಾಸ್ತಿ. ಎಲ್ಲರಿಗೂ ಕಣ್ಣುಮುಚ್ಚಿ ಕೊಡೋದು ಬೇಡ ಅಂತ ಬರೆದರು. ಅರ್ಧ ಶತಮಾನದ ಅಭ್ಯಾಸಕ್ಕೆ ಒಂದು ವಾಕ್ಯ.

ಮಕ್ಕಳ ವಿಷಯದಲ್ಲಿ ಅಭ್ಯಾಸ ಗಟ್ಟಿಯಾಗಿಯೇ ಉಳಿದಿತ್ತು. ಪುಟ್ಟ ಮೈಗೆ ಪಂಪಿನ ಪೆಟ್ಟು ಹೆಚ್ಚು, ಹಾಗಾಗಿ. 2022ರಲ್ಲಿ ಅಮೆರಿಕದ 24 ಆಸ್ಪತ್ರೆಗಳು ಸಾವಿರದ ಇನ್ನೂರು ಶಿಶುಗಳ ಪರೀಕ್ಷೆ ಪ್ರಕಟಿಸಿದವು, ಅಲ್ಲಿ ಮತ್ತೆ ಅದೇ ಕಿಲೋಗೆ 30 ಮಿಲಿಗ್ರಾಂ. ಲಾಭ ಖಚಿತ ಆಗಲಿಲ್ಲ. ಸಕ್ಕರೆ ಏರಿ ಇನ್ಸುಲಿನ್ ಬೇಕಾದ ಮಕ್ಕಳು ಶೇ. 19, ಇನ್ನೊಂದು ಗುಂಪಿನಲ್ಲಿ ಶೇ. 6.7. ಅಷ್ಟಾದರೂ ಅಂಕಿಗಳು ಲಾಭದ ಕಡೆಗೇ ಚೂರು ವಾಲಿವೆ ಅಂತ ಕೆಲವು ವೈದ್ಯರು ಇವತ್ತಿಗೂ ಕೊಡ್ತಾರೆ. ನಾನು ಅವರನ್ನು ಮೂಢರು ಅನ್ನೋಲ್ಲ. ಕೈಯಲ್ಲಿ ಮಗು ಇಟ್ಟುಕೊಂಡವರ ಮುಂದೆ ಅಂಕಿ ಬೇರೆಯೇ ಥರ ಕಾಣುತ್ತೆ.

ಅದೇ ಔಷಧಿ ಬೇರೆ ಕಡೆ ಗೆದ್ದದ್ದನ್ನೂ ನಾವೆಲ್ಲ ನೋಡಿದ್ದೇವೆ. 2020ರ ಜೂನಿನಲ್ಲಿ ಬ್ರಿಟನ್ನಿನ ರಿಕವರಿ ಪರೀಕ್ಷೆ ಕೋವಿಡ್ಡಿನಿಂದ ವೆಂಟಿಲೇಟರಿನಲ್ಲಿದ್ದವರಿಗೆ ದಿನಕ್ಕೆ ಬರೀ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಕೊಟ್ಟು ಸಾವನ್ನು ಶೇ. 41ರಿಂದ 29ಕ್ಕೆ ಇಳಿಸಿತು. ಆಮ್ಲಜನಕ ಬೇಡದವರಿಗೆ ಲಾಭ ಇರಲಿಲ್ಲ. ನಮ್ಮಲ್ಲಿ ಏನಾಯ್ತು? 2021ರಲ್ಲಿ ಮನೆಯಲ್ಲಿ ಮಲಗಿದ್ದವರೂ ಅಂಗಡಿಯಿಂದ ತಂದು ನುಂಗಿದರು. ಸಕ್ಕರೆ ಏರಿತು, ಕಪ್ಪು ಶಿಲೀಂಧ್ರದ ಕಾಯಿಲೆ ಬಂತು. ಅದೇ ಚಿಕ್ಕ ಬಿಳಿ ಮಾತ್ರೆ.

ಕೊನೆಗೆ ಅತ್ತೆಯ ಹತ್ತಿರ ವಾಪಸ್ ಹೋಗ್ತೀನಿ. ಕಳೆದ ಪೊಂಗಲಿಗೆ ಊರಿಗೆ ಹೋದಾಗ ಈ ಪೂರ್ತಿ ಕಥೆಯನ್ನು ಅವರ ಮುಂದೆ ಕೂತು ಹೇಳಿದೆ, ನಮ್ಮ ಮನೆ ಕನ್ನಡದಲ್ಲಿ. ಮೆಕ್ಸಿಕೊದ ಗೆಣಸು ಅವರಿಗೆ ತುಂಬಾ ಹಿಡಿಸಿತು. ದನದ ಪಿತ್ತದ ವಿಷಯ ಈ ಸಲ ಹೇಳಲಿಲ್ಲ. ಏಳು ಸಾವಿರದ ಐನೂರು ಜನರ ಪರೀಕ್ಷೆ ಅಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟು ಜನದಲ್ಲಿ ನನ್ನಂಗೆ ಮೊದಲೇ ಮಾತ್ರೆ ನುಂಗ್ತಿದ್ದೋರು ಎಷ್ಟು ಜನ ಇದ್ದರಪ್ಪಾ?" ಅಂತ ಕೇಳಿದರು. ನಾನು ಅವತ್ತು ಉತ್ತರ ಕೊಡಲಾಗಲಿಲ್ಲ. ಆಮೇಲೆ ಹೋಗಿ ನೋಡಿದೆ. ಮೊದಲೇ ಸ್ಟೀರಾಯ್ಡ್ ತೆಗೆದುಕೊಳ್ತಿದ್ದವರನ್ನು ಆ ಪರೀಕ್ಷೆಗೆ ಸೇರಿಸಿಕೊಂಡೇ ಇರಲಿಲ್ಲ. ಅದಕ್ಕೆ ಸರಿಯಾದ ಕಾರಣ ಇದೆ, ಅವರಿಗೆ ಔಷಧಿಯಿಲ್ಲದ ಸೂಜಿ ಕೊಟ್ಟರೆ ಪ್ರಾಣಕ್ಕೇ ಸಂಚಕಾರ. ಆದರೆ ಹಾಗೆ ಬಿಡಬೇಕಾದರೆ ಅವರು ಮಾತ್ರೆ ತಗೊಳ್ತಾರೆ ಅಂತ ಮೊದಲು ಗೊತ್ತಾಗಬೇಕು, ಗೊತ್ತಾಗಬೇಕಾದರೆ ಯಾರಾದರೂ ಕೇಳಬೇಕು. ಫೋನ್ ಮಾಡಿ ಇದನ್ನು ಹೇಳಿದೆ. "ಅದೇ ನಾನು ಕೇಳಿದ್ದು" ಅಂದರು.

ಈಗ ಅವರ ಸೊಂಟದ ಚೀಲದಲ್ಲಿ ಒಂದು ಚೀಟಿ ಇರುತ್ತೆ, ತಮಿಳಿನಲ್ಲೂ ಇಂಗ್ಲಿಷಿನಲ್ಲೂ ನಾನೇ ಬರೆದು ವೈದ್ಯರ ಸಹಿ ಹಾಕಿಸಿದ್ದು: ಇವರು ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರು, ಕವಾಟ ಬದಲಾಗಿದೆ, ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದೆ, ಆಪರೇಷನ್ ಅಥವಾ ದೊಡ್ಡ ಜ್ವರ ಬಂದರೆ ಹೈಡ್ರೊಕಾರ್ಟಿಸೋನ್ ಬೇಕಾಗಬಹುದು. ಸಮಯ ಆಯ್ತು ಅಂತ ಚಾಟಿನಲ್ಲಿ ಬರೀತಿದಾರೆ. ಪ್ರಶ್ನೆಗಳಿದ್ದರೆ ಕೇಳಿ, ವೈದ್ಯರು ಯಾರಾದರೂ ಇದ್ದರೆ ನನ್ನ ಲೆಕ್ಕದ ತಪ್ಪುಗಳನ್ನು ದಯವಿಟ್ಟು ತಿದ್ದಿ.